ತಲೆಕೆಳಗಾದ ದೇಶಗಳ ಕೌದಿ

ಹೋದ ವಾರ ಟ್ರಂಕಿನ ತಳದಲ್ಲಿದ್ದ, ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯನ್ನು ಬಿಸಿಲಿಗೆ ಹಾಕೋಣವೆಂದು ಮಾಳಿಗೆಗೆ ಒಯ್ದು ಬಿಡಿಸಿದೆ. ಒಂದು ಮೂಲೆಯನ್ನು ಇಲಿ ಕಡಿದಿತ್ತು. ಅಷ್ಟು ದೊಡ್ಡ ಕೌದಿಯಲ್ಲಿ ಅದಕ್ಕೆ ಬೇಕಾಗಿದ್ದದ್ದು ಆ ಮೂಲೆ ಮಾತ್ರ. ಒಣಗಿದ ಬೇವಿನೆಲೆ, ಹಳೆಯ ನೂಲು, ಅದರ ಹಿಂದೆಲ್ಲೋ ಒಲೆಯ ಹೊಗೆಯ ಸಣ್ಣ ವಾಸನೆ... ಮೂಗಿಗೆ ತಾಗಿದ್ದೇ ತಡ, ನನಗೆ ನಗು ಬಂತು. ಆ ಮೂಲೆಯೊಳಗೆ ಜೋಳದ ರೊಟ್ಟಿಯ ಚೂರಿತ್ತು. ಇಷ್ಟು ವರ್ಷದ ಮೇಲೂ ಇಲಿಗೆ ಅದರ ಗುರುತು ಹೇಗೆ ಹತ್ತಿತೋ.

ರೊಟ್ಟಿ ಇಟ್ಟು ಹೊಲಿದವರು ಗಂಗಾವತಿಯ ನಮ್ಮ ಮಗ್ಗಲಮನೆಯ ವೈನಿ. ವೈನಿ ಅಂದರೆ ಅಣ್ಣನ ಹೆಂಡತಿ. ನಮಗೂ ಅವರಿಗೂ ನೆಂಟಸ್ತನವೇನೂ ಇರಲಿಲ್ಲ. ಎರಡು ಮನೆಗಳ ನಡುವೆ ಎದೆಯೆತ್ತರದ ಒಂದು ಹಿತ್ತಲ ಗೋಡೆಯಿತ್ತು, ಅಷ್ಟೇ. ಅವರ ಯಜಮಾನರನ್ನು ನಾನು ಅಣ್ಣಾವರು ಅನ್ನುತ್ತಿದ್ದೆ, ಹಾಗಾಗಿ ಇವರು ವೈನಿಯಾದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ನೀರಾವರಿ ಕಚೇರಿಯಲ್ಲಿ ನೌಕರಿ. ಮದುವೆಯಾಗಿ ಗಂಗಾವತಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಕಾನ್ವೆಂಟಿನ ಎರಡು ನೀಲಿ ಸ್ಕರ್ಟು, ಒಂದು ಶಾಲೆಯ ಅಟ್ಲಾಸು ಇದ್ದವು. ಯಾಕೆ ತಂದೆನೋ, ಬಿಟ್ಟು ಬರಲು ಮನಸ್ಸಾಗಿರಲಿಲ್ಲ. ಊರಿನ ತುಂಬ ಅಕ್ಕಿ ಗಿರಣಿಗಳು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನಕ್ಕೆ ಮತ್ತೆ ತೌಡಿನ ಧೂಳು ಕೂತಿರುತ್ತಿತ್ತು, ಬೆರಳಿನಲ್ಲಿ ಹೆಸರು ಬರೆಯಬಹುದಾಗಿತ್ತು.

ಅಣ್ಣಾವರದೂ ಒಂದು ಗಿರಣಿ. ಭತ್ತದ ಧಾರಣೆ ಕೇಳಲೆಂದು ಅವರು ದೊಡ್ಡ ರೇಡಿಯೋ ತಂದಿದ್ದರು. ಧಾರಣೆ ಮುಗಿದ ಮೇಲೆ ಅದು ವೈನಿಯದು. ಒಂದು ಭಾನುವಾರ ಮಧ್ಯಾಹ್ನ ಅವರು ಮುಳ್ಳು ತಿರುಗಿಸುತ್ತಿದ್ದಾಗ ಯಾವುದೋ ದೂರದ ಸ್ಟೇಷನ್ನಿನಿಂದ ಪರದೇಶದ ಹೆಣ್ಣೊಬ್ಬಳ ಹಾಡು ಬಂತು. ಇಂಗ್ಲಿಷಿನ ಪಾಪ್ ಹಾಡು. ವೈನಿ ಗೋಡೆಯ ಮೇಲಿಂದ ನನ್ನನ್ನು ಕರೆದು, ಈಕೆ ಏನು ಹೇಳುತ್ತಾಳೆಂದು ಕೇಳಿದರು. ಬಾ, ಹೋಗೋಣ ಬಾ ಅನ್ನುತ್ತಿದ್ದಾಳೆ ಎಂದೆ. ಎಲ್ಲಿಗೆ ಅಂದರು. ಅದನ್ನು ಹೇಳಿಲ್ಲ ಎಂದೆ.

"ಗಿರಣಿ ಭೋಂಗಾ ಹೊಡದಂಗ ಕೂಗ್ತಾಳ. ಆದ್ರ ಕರಿಯೂ ದನಿ ಐತಿ ತಂಗಿ, ಎದ್ದು ಹೋಗಬೇಕ ಅನಸ್ತೈತಿ."

ಹಾಡಿನ ನಡುವೆ ಮಾತಾಡುವವನು ಆ ಗಾಯಕಿ ಲೋಕದ ತುಂಬ ತಿರುಗಿ ಕಾರ್ಯಕ್ರಮ ಕೊಡುತ್ತಿದ್ದಾಳೆ, ಈ ವಾರ ಇಂಥ ಊರು, ಬರುವ ವಾರ ಇಂಥ ಊರು ಎಂದು ಹೇಳುತ್ತಿದ್ದ. ಅದನ್ನು ಕನ್ನಡದಲ್ಲಿ ಹೇಳುವುದು ನನ್ನ ಭಾನುವಾರದ ಕೆಲಸವಾಯಿತು. ಗಾಯಕಿಯ ಹೆಸರು ಯಾರ ನಾಲಿಗೆಗೂ ಹೊರಳದೆ ಓಣಿಯ ಹೆಂಗಸರು ಆಕೆಗೆ ಪಾಪಕ್ಕ ಎಂದು ಹೆಸರಿಟ್ಟರು. ಪಾಪಕ್ಕ ಈ ವಾರ ಎಲ್ಲದಾಳ ಎಂದು ನೀರಿಗೆ ಬಂದವರೂ ಕೇಳುವಂತಾಯಿತು. ನಾನು ಅಟ್ಲಾಸು ಬಿಚ್ಚಿ ಬೆರಳಿಟ್ಟು ತೋರಿಸುತ್ತಿದ್ದೆ.

ವೈನಿಗೆ ಬೆರಳು ಸಾಲಲಿಲ್ಲ. ಅವರು ಅಣ್ಣಾವರ ಹಳೆಯ ಧೋತರವನ್ನು ಪಡಸಾಲೆಯಲ್ಲಿ ಹಾಸಿ ಕೌದಿಗೆ ಕೂತೇಬಿಟ್ಟರು. ಇಳಕಲ್ ಸೀರೆಯ ಸೆರಗು ಅಮೆರಿಕವಾಯಿತು. ಅತ್ತೆಯ ಕರಿ ಚಂದ್ರಕಾಳಿ ಸೀರೆ ಆಫ್ರಿಕ. ಯಾರದೋ ಮಗುವಿನ ಹೂವಿನ ಲಂಗ ಜಪಾನು. ಸಮುದ್ರಕ್ಕೆ ಬಟ್ಟೆ ಸಿಗಲಿಲ್ಲ, ಅಷ್ಟು ನೀಲಿ ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ನಾನು ಒಳಗೆ ಹೋಗಿ ಕಾನ್ವೆಂಟಿನ ಎರಡೂ ಸ್ಕರ್ಟು ತಂದು ಕೊಟ್ಟೆ. ನೆರಿಗೆ ಬಿಚ್ಚಿದರೆ ಎಷ್ಟು ಸಮುದ್ರ ಇತ್ತು ಅವುಗಳಲ್ಲಿ! ನಟ್ಟನಡುವೆ ಭತ್ತದ ಗದ್ದೆಯ ಬಣ್ಣದ ಒಂದು ಹಸಿರು ತುಂಡು, ಅದು ನಮ್ಮ ಕಡೆ. ಇಂಗ್ಲೆಂಡಿಗಿಂತ ಗಂಗಾವತಿ ದೊಡ್ಡದಾಗಿತ್ತು. ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಬೇರೆ ಕಡೆಯಿಂದ. ಕೌದಿಯನ್ನು ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಹೊಲಿಯುತ್ತಾರೆ. ಹೊಲಿಯುವವರು ಯಾವ ಬದಿಗೆ ಕೂತರೆ ಆ ಬದಿಯೇ ಅವರಿಗೆ ಕೆಳಗು. ವೈನಿ ನಾಲ್ಕೂ ಬದಿಗೆ ಸರಿದು ಕೂತು, ಪ್ರತಿ ದೇಶದ ಕಾಲನ್ನು ತಮ್ಮ ಮೊಣಕಾಲ ಕಡೆಗೆ ಮಾಡಿ ಹಚ್ಚುತ್ತ ಹೋಗಿದ್ದರು. ಒಂದು ದಿನ ಎದ್ದು ನಿಂತು ನೋಡುತ್ತೇನೆ, ರಷ್ಯ ತಲೆಕೆಳಗಾಗಿ ನೇತಾಡುತ್ತಿದೆ, ಅಮೆರಿಕ ಮಗ್ಗಲಾಗಿ ಮಲಗಿದೆ. ಭೂಗೋಳದಲ್ಲಿ ಬಹುಮಾನ ತೆಗೆದುಕೊಂಡವಳು ನಾನು. ಇದೆಲ್ಲ ಬಿಚ್ಚಬೇಕು ವೈನಿ, ಮೇಲಿದ್ದದ್ದು ಕೆಳಗಾಗಿದೆ ಎಂದೆ.

ವೈನಿ ದಾರವನ್ನು ಹಲ್ಲಿನಲ್ಲಿ ಕಡಿದರು. "ಕೌದಿಗೆ ಮ್ಯಾಲ ಯಾವುದು, ಕೆಳಗ ಯಾವುದು? ಹೊದ್ದಕೊಂಡಾವ್ರ ತಲಿ ಎಲ್ಲೈತಿ ಅದ ಮ್ಯಾಲ."

ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ಆದರೆ ಪ್ರತಿ ಭಾನುವಾರ ಅಟ್ಲಾಸನ್ನು ತಿರುಗಿಸಿ ತಿರುಗಿಸಿ ಹಿಡಿದು ಊರು ಹುಡುಕಿ ಕೊಡಬೇಕಾಗುತ್ತಿತ್ತು. ಪಾಪಕ್ಕ ಹಾಡಿದ ಊರಿನಿಂದ ಊರಿಗೆ ವೈನಿ ಕೆಂಪು ದಾರ ಎಳೆಯುತ್ತಿದ್ದರು.

ಅಣ್ಣಾವರಿಗೆ ಇದೆಲ್ಲ ದೊಡ್ಡ ತಮಾಷೆ. ಒಂದು ಮಧ್ಯಾಹ್ನ ಊಟಕ್ಕೆ ಕೂತವರು, ನಿನ್ನ ಪಾಪಕ್ಕ ಗಂಗಾವತಿ ಸಂತೆಗೆ ಯಾವಾಗ ಬರುತ್ತಾಳೆ ಎಂದು ಕೆಣಕಿದರು. ನಾನು ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದವಳು ಅಲ್ಲೇ ನಿಂತಿದ್ದೆ. ವೈನಿ, ಸಂತೆಗೆ ಬರುವುದಿಲ್ಲ, ಮುಂಬೈಗೆ ಬಂದರೂ ಬಂದಾಳು ಅಂದರು.

"ಮುಂಬೈಕ ಬಂದ್ರ ಕರಕೊಂಡು ಹೋಗ್ತೀನಿ, ಹೋಗು. ಅವ್ವನ ಮುಂದ ಹೇಳೀನಿ ನೋಡು" ಅಂದರು ಅಣ್ಣಾವರು. ಅವರ ತಾಯಿ ಬಾಗಿಲ ಬಳಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ವೈನಿ ಗಂಡನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ವೈನಿಯ ತವರು ಕುಷ್ಟಗಿ, ಗಂಡನ ಮನೆ ಗಂಗಾವತಿ. ಆ ಬಸ್ಸಿನ ದಾರಿಯನ್ನು ಬಿಟ್ಟರೆ ಅವರು ಕಂಡದ್ದು ವಿರೂಪಾಪುರಗಡ್ಡೆಯ ತಮ್ಮ ಗದ್ದೆ, ಗದ್ದೆಯ ಅಂಚಿನ ಹೊಳೆ. ರೈಲು ಹತ್ತಿದವರಲ್ಲ. ಅವತ್ತಿನಿಂದ ಕೆಂಪು ದಾರ ಎತ್ತ ತಿರುಗುತ್ತದೆ ಎನ್ನುವುದು ಬರೀ ತಮಾಷೆಯಾಗಿ ಉಳಿಯಲಿಲ್ಲ. ಪಾಪಕ್ಕ ಮುಂಬೈಗೆ ಬಂದರೆ ವೈನಿಗೂ ಹೊಸ್ತಿಲು ದಾಟುವ ದಾರಿ. ಬಾರದಿದ್ದರೆ ಇಲ್ಲ.

ದಾರ ಅಮೆರಿಕದಿಂದ ಜಪಾನಿಗೆ ಬಂತು. ಅಲ್ಲಿಂದ ಹಾಂಗ್‌ಕಾಂಗ್, ಸಿಂಗಪುರ. ಹತ್ತಿರ ಹತ್ತಿರ ಬಂದಂತೆ ಅಣ್ಣಾವರ ಕೆಣಕಾಟ ಕಡಿಮೆಯಾಯಿತು, ಊಟ ಮಾಡಿ ಲಗುಬಗೆಯಿಂದ ಗಿರಣಿಗೆ ಹೋಗುತ್ತಿದ್ದರು. ಆಮೇಲಿನ ಭಾನುವಾರ ರೇಡಿಯೋದವನು ಆಸ್ಟ್ರೇಲಿಯ ಅಂದುಬಿಟ್ಟ. ನಾನು ಅಟ್ಲಾಸು ಮುಚ್ಚಿದೆ. ವೈನಿ ನನ್ನ ಮುಖ ನೋಡಿ, ಬೆರಳು ಇಡು, ಎಲ್ಲಿದ್ದರೂ ಹೊಲಿಯಬೇಕಲ್ಲ ಅಂದರು. ದಾರ ಕೆಳಗೆ ಹೋಯಿತು. ಅವರ ಕೌದಿಯಲ್ಲಿ ಕೆಳಗೋ ಮೇಲೋ... ಅಂತೂ ದೂರ ಹೋಯಿತು. ಅಂದು ಅಣ್ಣಾವರು ಸಂಜೆ ಬೇಗ ಬಂದು ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ಆದರೆ ಕೆಲವು ದಿನದ ಮೇಲೆ ನಮ್ಮವರ ಕಚೇರಿಯಿಂದ ಬಂದ ಇಂಗ್ಲಿಷ್ ಪೇಪರಿನಲ್ಲಿ ಸಣ್ಣದೊಂದು ಸುದ್ದಿಯಿತ್ತು. ಊರಿಗೆ ಮರಳುವ ದಾರಿಯಲ್ಲಿ ಗಾಯಕಿ ಮುಂಬೈಯಲ್ಲಿ ಒಂದೇ ಒಂದು ಸಂಜೆ ಹಾಡುವವಳಿದ್ದಳು. ನಾನು ಒಲೆಯ ಮೇಲಿನ ಹಾಲು ಮರೆತು ಗೋಡೆಯತ್ತ ಓಡಿದೆ.

ಅಣ್ಣಾವರು ಮಾತಿಗೆ ತಪ್ಪುವವರಲ್ಲ, ಆದರೆ ದಾರಿ ಹುಡುಕುವವರು. ಅವ್ವ ಒಪ್ಪಬೇಕಲ್ಲ ಅಂದರು. ಅವ್ವ ಅಡಕತ್ತರಿ ಕೆಳಗಿಟ್ಟು ತೀರ್ಪು ಹೇಳಿದರು.

"ಅರ್ಧಾ ಕೌದಿ ಮನ್ಯಾಗ ಉಪಾಸ ಬಿಟ್ಟು ಯಾರೂ ಊರು ದಾಟಂಗಿಲ್ಲ. ಮುಗಿಸ್ರಿ, ಹೋಗ್ರಿ."

ನಮ್ಮ ಕಡೆ ಕೌದಿಗೆ ಹೊಟ್ಟೆಯಿದೆ ಅನ್ನುತ್ತಾರೆ. ಒಂದು ಮೂಲೆಯನ್ನು ಕೊನೆಯವರೆಗೆ ತೆರೆದೇ ಇಟ್ಟು, ಅದನ್ನು ಮುಚ್ಚುವಾಗ ಒಳಗೆ ರೊಟ್ಟಿಯ ಚೂರು ಇಟ್ಟರೇನೇ ಅದು ತುಂಬುವುದು. ಹೊದ್ದವರಿಗೆ ಆಮೇಲೆ ಅನ್ನಕ್ಕೆ ಕೊರತೆಯಿಲ್ಲವಂತೆ. ಅಷ್ಟರವರೆಗೆ ಅದು ಹಸಿದ ಜೀವ. ಇನ್ನೂ ಇಡೀ ಆಫ್ರಿಕ, ಅರ್ಧ ಸಮುದ್ರ ಹೊಲಿಯುವುದಿತ್ತು. ಹೊರಡುವ ದಿನ ಹತ್ತಿರ ಬಂದಿತ್ತು. ಅಣ್ಣಾವರ ಮುಖದಲ್ಲಿ ಮತ್ತೆ ನಗು ಕಂಡಿತು.

ಮರುದಿನ ಬೆಳಿಗ್ಗೆಯಿಂದ ಓಣಿಯ ಹೆಂಗಸರು ಸೂಜಿ ಹಿಡಿದು ಬಂದರು. ಯಾರು ಕರೆದರೋ ಗೊತ್ತಿಲ್ಲ. ಪಡಸಾಲೆ ತುಂಬಿ ಹೋಯಿತು. ಕಾನ್ವೆಂಟಿನಲ್ಲಿ ಕರ್ಚೀಫಿನ ಅಂಚು ಹೊಲಿಯಲು ಕಲಿತಿದ್ದ ನನಗೂ ಹಿಂದೂ ಮಹಾಸಾಗರದ ಒಂದು ಪಾಲು ಬಂತು. ಬಾಗಿಲ ಬಳಿಯ ಅವ್ವ ನಮ್ಮ ಹೊಲಿಗೆಗಳನ್ನು ನೋಡುತ್ತಲೇ ಇದ್ದರು. ಎರಡನೆಯ ದಿನ ಅವರಿಂದ ತಡೆಯಲಾಗಲಿಲ್ಲ. ಇದೇನು ಹೊಲಿಗೆಯೋ, ಕೋಳಿ ಕೆದರಿದ್ದೋ ಎಂದು ಗೊಣಗುತ್ತ ಎದ್ದು ಬಂದರು. ತಮ್ಮ ಚಂದ್ರಕಾಳಿ ಸೀರೆಯ ಗುರುತು ಹಿಡಿದು ಅದರ ಮುಂದೆ ಕೂತವರು ಸಂಜೆಯ ಹೊತ್ತಿಗೆ ಆಫ್ರಿಕವನ್ನು ಒಬ್ಬರೇ ಮುಗಿಸಿದ್ದರು. ರೊಟ್ಟಿಯ ಚೂರನ್ನೂ ಅವರೇ ತಂದು ಸೊಸೆಯ ಕೈಗಿಟ್ಟರು.

ಇಂಗ್ಲಿಷ್ ಮಾತಾಡಲು ಒಬ್ಬರು ಬೇಕೆಂದು ನಾನೂ ಹೊರಟೆ. ಕೊಪ್ಪಳದಿಂದ ಹುಬ್ಬಳ್ಳಿ, ಮುಂದೆ ಗಾಡಿ ಬದಲಿಸಿ ಮುಂಬೈ. ಹಾಸಲು ಹೊದೆಯಲು ಅದೇ ಕೌದಿ. ವೈನಿ ದಾರಿಯುದ್ದಕ್ಕೂ ಕಿಟಕಿ ಬಿಡಲಿಲ್ಲ, ಮೂಗಿನ ಮೇಲೆ ಇದ್ದಿಲ ಕರಿ ಕೂತದ್ದೂ ಗೊತ್ತಾಗಲಿಲ್ಲ ಅವರಿಗೆ.

ಹಾಡು ನಡೆಯುವ ಮೈದಾನ ಮುಟ್ಟಿದರೆ ಟಿಕೆಟ್ ಮುಗಿದಿದ್ದವು. ನನ್ನ ಇಂಗ್ಲಿಷಿಗೂ ಬಾಗಿಲು ತೆರೆಯಲಿಲ್ಲ. ಅಣ್ಣಾವರು ತಾವೇ ಅಪರಾಧ ಮಾಡಿದವರಂತೆ ಪೇಟ ತೆಗೆದು ತಲೆ ಕೆರೆದುಕೊಂಡರು. ವೈನಿ ಸುತ್ತ ನೋಡಿದರು. ಗೋಡೆಯ ಬುಡದಲ್ಲಿ ಶೇಂಗಾ ಮಾರುವವರ ಸಾಲಿತ್ತು. ಅವರ ಪಕ್ಕದಲ್ಲಿ ಕೌದಿ ಹಾಸಿ ಕೂತರು. ನಮ್ಮನ್ನೂ ಕೂರಿಸಿದರು. ಇಳಿಬಿಸಿಲಿನಲ್ಲಿ ಗೋಡೆಯ ಆಚೆಯಿಂದ ಹಾಡು ಬಂತು. ಅದೇ ಹಾಡು, ಬಾ, ಹೋಗೋಣ ಬಾ... ಅಣ್ಣಾವರು ಆಫ್ರಿಕದ ಮೇಲೆ ಒರಗಿ ನಿದ್ದೆ ಹೋದರು. ವೈನಿ ಕಣ್ಣು ಮುಚ್ಚಿ ಕೇಳಿದರು, ಮುಗಿದ ಮೇಲೂ ತೆರೆಯಲಿಲ್ಲ. ಅಳುತ್ತಿದ್ದಾರೇನೋ ಎಂದು ನಾನು ಹೆದರಿದೆ.

"ಹಾಡಿನಾಗ ಖರಖರಾ ಅಂತಿತ್ತಲ್ಲ, ಅದು ನಮ್ಮ ರೇಡಿಯೋದ್ದ ಏನ ಹಂಗಾರ?" ಎಂದು ಕೇಳಿದರು. ಹೌದು ವೈನಿ ಎಂದೆ. "ಅದಿಲ್ಲದ ಒಂದೀಟು ಸಪ್ಪಗ ಆತು" ಅಂದು ಬಾಯಿಗೆ ಸೆರಗು ಹಚ್ಚಿ ನಗತೊಡಗಿದರು. ಶೇಂಗಾದವನೂ ನಕ್ಕ.

ಮರುದಿನ ಸಮುದ್ರ ನೋಡಿದೆವು. ಮಣ್ಣು ಬಣ್ಣದ ನೀರು. ವೈನಿ ಕಾಲು ತೋಯಿಸಿಕೊಂಡು ನಿಂತು, ನಿನ್ನ ಲಂಗದ ಸಮುದ್ರವೇ ಚಂದ ಇತ್ತು ಅಂದರು. ಆದರೆ ಗಾಡಿಯ ಹೊತ್ತಾಯಿತು ಎಂದು ಅಣ್ಣಾವರು ಕರೆದಾಗ ತಿರುಗಿ ತಿರುಗಿ ನೋಡುತ್ತ ಬಂದರು. ಮರಳುವಾಗ ಗಾಡಿಯಲ್ಲಿ ಸೂಜಿಗೆ ಹಸಿರು ದಾರ ಏರಿಸಿ, ಮುಂಬೈಯಿಂದ ಗಂಗಾವತಿಗೆ ಒಂದು ಗೆರೆ ಹೊಲಿದರು. ಕೊನೆಗೆ ಗಂಟು ಹಾಕದೆ ಗೇಣುದ್ದ ದಾರ ಬಿಟ್ಟರು. ಯಾಕೆಂದು ಕೇಳಿದೆ.

"ಗಂಟು ಹಾಕಿದ್ರ ಮುಗದಂಗ ಅಲ್ಲನ? ಮತ್ತ ಎಲ್ಲಿಗರ ಹೋದ್ರ ಬೇಕಾಕ್ಕತಿ."

ಆಮೇಲೆ ಪಾಪಕ್ಕ ಎಲ್ಲಿದ್ದಾಳೆಂದು ವೈನಿ ಕೇಳಿದ್ದು ಕಡಿಮೆ. ಅವರು ಮತ್ತೆಲ್ಲಿಗೂ ಹೋಗುವುದೂ ಆಗಲಿಲ್ಲ. ಅತ್ತೆ ಹಾಸಿಗೆ ಹಿಡಿದರು, ಮನೆ ದೊಡ್ಡದಾಯಿತು... ಎಂಬತ್ತರ ದಶಕದಲ್ಲಿ ನಮಗೆ ವರ್ಗವಾದಾಗ ಕೌದಿಯನ್ನು ಮಡಿಸಿ ನನ್ನ ಸಾಮಾನಿನ ಗಾಡಿಗೆ ಹಾಕಿದರು. ನಾನು ಬೇಡವೆಂದರೆ, ನಾನಂತೂ ಇಲ್ಲೇ ಇರ್ತೀನಿ, ಅದಾದ್ರೂ ತಿರಗಲಿ ಅಂದರು. ನಾವು ಯಲಬುರ್ಗಾಕ್ಕೆ ಹೋದೆವು, ಕುಷ್ಟಗಿಗೆ ಹೋದೆವು. ಗಂಗಾವತಿಗೆ ಬಂದಾಗಲೆಲ್ಲ ಕೌದಿ ತಂದೆಯೇನು ಎಂದು ಮೊದಲು ಕೇಳಿ, ನಾನು ಚಹ ಕುಡಿಯುವಷ್ಟರಲ್ಲಿ ಹಸಿರು ದಾರವನ್ನು ನಮ್ಮ ಹೊಸ ಊರಿಗೆ ಎಳೆದು ಕೊಡುತ್ತಿದ್ದರು. ದಾರ ತಮ್ಮ ತವರೂರು ಕುಷ್ಟಗಿಗೆ ಹೋದಾಗ ಮಾತ್ರ ಹೊಲಿಗೆ ತುಸು ಹತ್ತಿರ ಹತ್ತಿರ ಹಾಕಿದ್ದಾರೆ, ಈಗ ನೋಡಿದರೂ ಕಾಣುತ್ತದೆ. ಗಂಟು ಎಲ್ಲಿಯೂ ಹಾಕಿಲ್ಲ.

ನಮ್ಮವರು ನಿವೃತ್ತರಾಗಿ ಕೊಪ್ಪಳದ ಮಗ್ಗಲಿನ ಭಾಗ್ಯನಗರದಲ್ಲಿ ಮನೆ ಕಟ್ಟಿಸಿದಾಗ ವೈನಿ, ಗೃಹಪ್ರವೇಶಕ್ಕೆ ಬರುತ್ತೇನೆ, ಬಂದಾಗ ಹೊಲಿಯುತ್ತೇನೆ ಎಂದು ಹೇಳಿ ಕಳಿಸಿದ್ದರು. ಅದಕ್ಕೆ ಮೊದಲೇ ಅವರು ಹೋದ ಸುದ್ದಿ ಬಂತು. ನಾನು ಮಣ್ಣಿಗೆ ಹೋಗಿ ಬಂದೆ. ಕೌದಿಯನ್ನು ಟ್ರಂಕಿನ ತಳಕ್ಕೆ ಇಟ್ಟೆ. ತೆಗೆಯುವ ಮನಸ್ಸಾಗಲಿಲ್ಲ ಇಷ್ಟು ದಿನ.

ಮೊನ್ನೆ ಒಂದು ರೊಟ್ಟಿ ಹೆಚ್ಚಿಗೆ ಬಡಿದೆ. ಚೂರು ಮುರಿದು ಇಲಿ ಕಡಿದ ಮೂಲೆಯೊಳಗಿಟ್ಟು ಮೇಲೊಂದು ತುಂಡು ಬಟ್ಟೆ ಹಚ್ಚಿದೆ. ಕನ್ನಡಕ ಹಾಕಿಕೊಂಡರೂ ಹೊಲಿಗೆ ಕೋಳಿ ಕೆದರಿದಂತೆಯೇ ಬಂತು, ಬೈಯಲು ಅವ್ವನೂ ಇಲ್ಲ. ನಡುವಿನ ಹಸಿರು ತುಂಡಿನ ಮೇಲೆ ಆ ದಾರದ ತುದಿ ಹಾಗೇ ಇತ್ತು. ಅದನ್ನು ಸೂಜಿಗೆ ಏರಿಸಲು ಬಹಳ ಹೊತ್ತು ಹಿಡಿಯಿತು. ಬೆರಳಗಲದ ದಾರಿ, ಭಾಗ್ಯನಗರಕ್ಕೆ ಹೊಲಿದು ಮುಟ್ಟಿಸಿದೆ. ಇನ್ನೂ ಒಂದಿಷ್ಟು ದಾರ ಉಳಿಯಿತು.

ಗಂಟು ಹಾಕಲಿಲ್ಲ.