ಟೇಲರ್ ಜೊತೆ ನೋಡಿದ ಸಿನಿಮಾ

ಅಕ್ಕಿಆಲೂರಿನ ನಮ್ಮ ಟೇಲರ್‌ಗೆ ಪೋಲಿಯೊದಿಂದ ಎಡಗಾಲು ಸೊರಗಿತ್ತು. ಮೊಣಕಾಲನ್ನು ಕೈಯಿಂದ ಒತ್ತಿಕೊಂಡು ನಡೆಯುತ್ತಿದ್ದ. ಜೊತೆಗಿದ್ದವರಿಗೆ ಯಾವಾಗಲೂ, "ನೀವು ನಡೀರಿ, ನಾ ಬರ್ತೇನಿ" ಎನ್ನುತ್ತಿದ್ದ.

ಒಮ್ಮೆ ಇಬ್ಬರೂ ಹಾನಗಲ್ಲಿಗೆ ಹೋಗಿ, ಕಾಲಿಲ್ಲದ ಹೆಣ್ಣುಮಗಳೊಬ್ಬಳ ಕಥೆಯ ಸಿನಿಮಾ ನೋಡಿದೆವು. ಥೇಟರಿನಲ್ಲಿ ಏಳೆಂಟೇ ಜನ. ಅವಳು ಬಿದ್ದಾಗ ಜನ ದಾಟಿ ಹೋಗುವ ದೃಶ್ಯಕ್ಕೆ ನಾನು ಬಿಕ್ಕಿ ಅತ್ತೆ. "ಇಂಥಾ ಛಲೋ ಸಿನಿಮಾ ಯಾರೂ ನೋಡವಲ್ರಲ್ಲ" ಎಂದು ಹೊರಗೆ ಬಂದು ಮರುಗಿದೆ.

ಅಷ್ಟರಲ್ಲಿ ನಮ್ಮೂರ ಬಸ್ಸು ಹೊರಟಿತ್ತು. ಓಡಿ ಹತ್ತಿ ಸೀಟು ಹಿಡಿದೆ. ಕಿಟಕಿಯಿಂದ ನೋಡಿದರೆ ಅವನು ದೂರದಲ್ಲಿ ಅವಸರದಿಂದ ಬರುತ್ತಿದ್ದ. ನಿಲ್ಲಿಸಲು ಕಂಡಕ್ಟರಿಗೆ ಹೇಳಬಹುದಿತ್ತು, ಹೇಳಲಿಲ್ಲ.

ಮರುದಿನ ತಪ್ಪೊಪ್ಪಿಕೊಳ್ಳಲು ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು, ಒಂದಿಷ್ಟೂ ವ್ಯಂಗ್ಯವಿಲ್ಲದೆ ಹೇಳಿದ: "ನಿನ್ನೆ ನೀವು ಅಳಾಕತ್ತಿದ್ದು ನೋಡಿದ್ನಿ. ಭಾಳ ಮೆತ್ತನ ಮನಸ್ಸರಿ ನಿಮ್ದು."