ಮಿಸ್ಡ್ ಕಾಲ್ ಕೊಡದ ಕೇಳುಗರು

ಕೊರೊನಾ ಇಳಿದ ಮರುವರ್ಷ ನಾನು ರಾಣೆಬೆನ್ನೂರಿನ ಒಂದು ಸಣ್ಣ ಎಫ್‌ಎಂ ಕೇಂದ್ರದಲ್ಲಿ ಕಾರ್ಯಕ್ರಮ ಮುಖ್ಯಸ್ಥನಾಗಿದ್ದೆ. ಮಾತಿನ ಕಾರ್ಯಕ್ರಮ ನಡೆಸುವವರು ಮೂವರಿದ್ದರು. ಅವರಿಗೆ ರ‍್ಯಾಂಕ್ ಕೊಡಬೇಕು, ಕೊನೆಯವರ ಕಾರ್ಯಕ್ರಮ ನಿಲ್ಲಿಸಬೇಕು ಎಂದು ಮಾಲೀಕರು ಹಟ ಹಿಡಿದರು. ಕಾರ್ಯಕ್ರಮ ನಡೆಯುವಾಗಲೇ ಕೇಳುಗರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು. ಹೆಚ್ಚು ಬಂದವರು ಮೇಲೆ. ಅಳತೆ ಇಷ್ಟೇ.

ಮಧ್ಯಾಹ್ನದ ಕಾರ್ಯಕ್ರಮ ಗಿರಿಜಕ್ಕನದು. ಕರ್ಜಗಿಯಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದಳು. ವಿಧವಾ ವೇತನಕ್ಕೆ ಅರ್ಜಿ ಎಲ್ಲಿ ಕೊಡಬೇಕು, ಕುಡಿದು ಹೊಡೆಯುವ ಗಂಡನಿಗೆ ಏನು ಮಾಡಬೇಕು, ಇಂಥವೇ ಅವಳ ಮಾತು. ಅವಳ ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದುದು ಈ ಒಂದು ತಾಸಿನ ಮಾತಿನಿಂದ.

ಎಣಿಕೆಯಲ್ಲಿ ಸಂಜೆ ಕಾರ್ಯಕ್ರಮ ನಡೆಸುವ ಕಿರಣ ಮೊದಲು ಬಂದ, ಗಿರಿಜಕ್ಕ ಕೊನೆಗೆ. ಹುಡುಗ ಕೆಟ್ಟವನಲ್ಲ, ಚೆನ್ನಾಗಿಯೇ ನಗಿಸುತ್ತಿದ್ದ. ಗಿರಿಜಕ್ಕ ಅಳಲಿಲ್ಲ. "ಕೇಳವ್ರು ಅದಾರ್ರಿ ಸರ್. ಒಮ್ಮೆ ಬ್ಯಾಡಗಿಗೆ ಹೋಗಿ ನೋಡ್ರಿ," ಅಂದಳು.

ಹೋದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಶೆಡ್ಡಿಗೆ ಕಾಲಿಡುತ್ತಲೇ ಕೆಮ್ಮು ಹತ್ತಿತು. ಸಾಲಾಗಿ ಕೂತ ಹೆಂಗಸರು, ಮೊಳೆಗೆ ನೇತುಹಾಕಿದ ರೇಡಿಯೊ, ಅದರಲ್ಲಿ ಗಿರಿಜಕ್ಕ. ಇಷ್ಟು ಜನ ಕೇಳುತ್ತೀರಿ, ಒಂದು ಕಾಲ್ ಕೊಡೋಕೆ ಏನಾಗಿತ್ತು ಎಂದು ಸಿಟ್ಟಿನಿಂದಲೇ ಕೇಳಿದೆ. ಒಬ್ಬಾಕೆ ಎರಡೂ ಅಂಗೈ ಎತ್ತಿ ತೋರಿಸಿದಳು.

"ಈ ಕೈಲೆ ಫೋನ್ ಹೆಂಗ ಮುಟ್ಟೋದ್ರಿ? ಆಮ್ಯಾಲೆ ಅದನ್ನ ಮಕ್ಕಳು ಹಿಡ್ಯಾವು, ಕಣ್ಣು ಒರೆಸಿಕೊಳ್ಳಾವು."

ಅವರ ಫೋನುಗಳೆಲ್ಲ ಮೂಲೆಯಲ್ಲಿ, ಊಟದ ಚೀಲದೊಳಗಿದ್ದವು. ಅವರು ಕೈ ತೊಳೆಯುವ ಹೊತ್ತಿಗೆ ಕಿರಣನ ಕಾರ್ಯಕ್ರಮ ಶುರುವಾಗಿರುತ್ತಿತ್ತು.

ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಸಮಾಧಾನದಿಂದಲೇ ಕೇಳಿಸಿಕೊಂಡರು. "ನೀವು ಹೇಳೋದು ಖರೇ ಇರಬಹುದು ಸರ್. ಜಾಹೀರಾತು ಕೊಡವ್ರು ನಂಬರ್ ಕೇಳ್ತಾರ," ಅಂದರು. ಜಗಳವಾಡಿದೆ, ಸೋತೆ. ಆ ತಿಂಗಳೇ ಗಿರಿಜಕ್ಕನ ಕಾರ್ಯಕ್ರಮ ನಿಂತಿತು. ಅವಳ ಹೊತ್ತನ್ನೂ ಕಿರಣನಿಗೆ ಕೊಟ್ಟರು.

ಮುಂದಿನ ಸುಗ್ಗಿಗೆ ಜಾಹೀರಾತಿನವರು ಒಬ್ಬನನ್ನು ಸರ್ವೆಗೆ ಕಳಿಸಿದರು. ಎಲ್ಲೆಲ್ಲಿ ಯಾವ ಕಾರ್ಯಕ್ರಮ ಕೇಳುತ್ತಾರೆ ಎಂದು ನೋಡಿ ಬರೆದುಕೊಳ್ಳುವುದು ಅವನ ಕೆಲಸ. ಜೊತೆಗೆ ನಾನೂ ಹೋದೆ. ಅದೇ ಶೆಡ್ಡು, ಅದೇ ರೇಡಿಯೊ, ಒಳಗೆ ಕಿರಣನ ನಗು. ಸರ್ವೆಯವನು ಅಲ್ಲಿದ್ದವರನ್ನೆಲ್ಲ ಎಣಿಸಿ ಕಿರಣನ ಕೇಳುಗರೆಂದು ಬರೆದುಕೊಂಡ. ಕಿರಣನ ಮಾತು ಹಿಡಿಸುತ್ತದೆಯೇ ಎಂದು ನಾನು ಅಂದು ಅಂಗೈ ತೋರಿಸಿದ ಹೆಂಗಸನ್ನು ಕೇಳಿದೆ.

"ಯಾರಿಗೆ ಬೇಕಾಗೇತ್ರಿ? ಎದ್ದು ಬಂದ್ ಮಾಡೋಣಂದ್ರ ಕೈ ತುಂಬ ಖಾರ. ಗಿರಿಜಕ್ಕ ಯಾವಾಗ ಬರ್ತಾಳ್ರಿ?"

ಗಿರಿಜಕ್ಕ ಆಗಲೇ ಹಾವೇರಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಆ ಸಲವೂ ಕಿರಣನೇ ಮೊದಲು. ಈಗ ಯಾರಾದರೂ ರ‍್ಯಾಂಕಿಂಗ್ ತಂದು ತೋರಿಸಿದರೆ ನಾನು ಕೇಳುವುದು ಒಂದೇ: ನೀವು ಎಣಿಸುವಾಗ ಯಾರ ಕೈಗೆ ಬಿಡುವಿತ್ತು?