ಮೂರು ರಾಜರೂ ಕೆಟ್ಟ ನೆಲವೂ

ಇಸ್ಪೀಟಿನಲ್ಲಿ ನಾನು ಕೆಟ್ಟದ್ದು ಕೆಟ್ಟ ಎಲೆ ಬಂದಾಗ ಅಲ್ಲ, ಒಳ್ಳೆಯ ಎಲೆ ಬಂದಾಗ. ಕೆಟ್ಟ ಎಲೆ ಬಂದವನು ತಗ್ಗಿ ನಡೆಯುತ್ತಾನೆ. ಕೈಯಲ್ಲಿ ರಾಜರು ಕೂತರೆ ಎದುರಿಗಿರುವವನ ಮುಖವೂ ಕಾಣುವುದಿಲ್ಲ. ಎಪ್ಪತ್ತು ದಾಟಿದ್ದೇನೆ, ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಅಗಳಿ ಕಡೆಯ ನಮ್ಮೂರಿನಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಇಸ್ಪೀಟು ಆಡದವನು ಗಂಡಸೇ ಅಲ್ಲ ಎಂಬಂತಿತ್ತು. ಮೊದಲು ಮೂರೆಲೆ ಆಡುತ್ತಿದ್ದೆವು. ಲಾರಿ ಓಡಿಸುವ ದಾಯಾದಿಯೊಬ್ಬ ಎಲ್ಲಿಂದಲೋ ಪೋಕರ್ ತಂದ. ಕೈಯಲ್ಲಿ ಗುಟ್ಟಾಗಿ ಎರಡು ಎಲೆ. ನೆಲದ ಮೇಲೆ ಎಲ್ಲರಿಗೂ ಸೇರಿದ ಐದು. ಅವೆರಡೂ ಕೂಡಿ ಯಾರದು ದೊಡ್ಡದೋ ಅವನು ಗೆದ್ದ. ಎದುರಿನವನು ಹೆದರಿ ಎಲೆ ಕೆಳಗಿಟ್ಟರೆ, ತನ್ನದು ತೋರಿಸದೆಯೇ ಗೆದ್ದ. ನಾವು ಅದಕ್ಕೊಂದು ಟೂರ್ನಮೆಂಟನ್ನೇ ಕಟ್ಟಿದೆವು. ಹುಣಸೆಮರದ ಕೆಳಗೆ ಚಾಪೆ, ತಲೆಗೆ ಐವತ್ತು ಹುಣಸೆಬೀಜ. ಬೀಜ ಮುಗಿದವನು ಎದ್ದುಹೋಗಿ ಮಾಂಸದ ಸಾರಿಗೆ ಈರುಳ್ಳಿ ಹೆಚ್ಚಬೇಕು. ಕೊನೆಗೆ ಉಳಿದವನಿಗೆ ಟಗರಿನ ತಲೆ. ಹೆಚ್ಚುವವರ ಕಣ್ಣೀರಿನಲ್ಲಿ ಈರುಳ್ಳಿಯದೆಷ್ಟು, ಸೋಲಿನದೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಕೊನೆಗೆ ಉಳಿದವರು ನಾನು ಮತ್ತು ನನ್ನ ತಂಗಿಯ ಗಂಡ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು, ಸುಳ್ಳು ಬಾರದ ಮನುಷ್ಯ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ನನ್ನ ಕೈಯಲ್ಲಿ ಎರಡು ರಾಜ, ನೆಲದಲ್ಲಿ ಇನ್ನೊಂದು. ಆದರೆ ನೆಲದ ಉಳಿದ ನಾಲ್ಕೂ ಆಟೀನು, ನನ್ನ ರಾಜರಲ್ಲಿ ಆಟೀನು ಒಂದೂ ಇಲ್ಲ. ಅವರ ಹತ್ತಿರ ಒಂದೇ ಒಂದು ಆಟೀನು ಇದ್ದರೂ ಒಂದೇ ಜಾತಿಯ ಐದೆಲೆ ಕೂಡಿ ನನ್ನ ಮೂರು ರಾಜರು ಮಣ್ಣು. ಕಡಲೆಕಾಯಿ ಗಿಡ ಕಿತ್ತು ಹರಡಿದಾಗ ಮೋಡ ಕವಿದರೆ, ಕಾಯಿ ಗಟ್ಟಿ ಇದೆ, ಮಳೆ ಏನು ಮಾಡೀತು ಎಂದು ನಾವು ಕೂರುವುದಿಲ್ಲ. ಓಡಿಹೋಗಿ ಬಣವೆ ಹಾಕುತ್ತೇವೆ. ಹೊಲದ ಆ ಬುದ್ಧಿ ಚಾಪೆಗೆ ಬರಲಿಲ್ಲ. ಬೀಜವನ್ನೆಲ್ಲ ಮುಂದಕ್ಕೆ ನೂಕಲು ಕೈ ಹಾಕಿದೆ.

"ಬ್ಯಾಡ್ರಿ ಭಾವ," ಎಂದರು ಮೆಲ್ಲಗೆ. "ನೆಲ ಚಲೋ ಇಲ್ಲ. ಸುಮ್ನ ಎಲಿ ಇಡ್ರಿ."

"ನನ್ನೇ ಹೆದ್ರುಸ್ತೀರಾ ಭಾವ? ಈಳಿಗೆ ಮಣೆ ಕಾಯ್ತಾ ಐತೆ, ಹೋಗಿ," ಎಂದು ನೂಕಿಯೇಬಿಟ್ಟೆ.

ಅವರು ಎಲೆ ತಿರುಗಿಸಿದರು. ಅದರಲ್ಲೊಂದು, ಬಡಪಾಯಿ ಆಟೀನಿನ ಎರಡು.

ನಾನು ಚಾಪೆಯ ಮೇಲೆ ದಿನವಿಡೀ ಇಲ್ಲದ ಎಲೆ ಇದೆಯೆಂದು ಸುಳ್ಳು ಹೇಳುವವನು; ನಿಜ ಹೇಳಿದವನನ್ನು ನಂಬುವ ಅಭ್ಯಾಸ ತಪ್ಪಿಹೋಗಿತ್ತು. ಅಷ್ಟಕ್ಕೆ ನಿಂತಿದ್ದರೆ ಇದು ನಗುವ ಕಥೆ. ಊರವರ ಮುಂದೆ, "ಎಲೆ ಕಲೆಸಿದ್ದು ನೀವೇ ತಾನೇ? ಟೈಲರ್ ಕೈ, ಬೇಕಾದ ಕಡೆ ಹೊಲ್ಕಂಡ್ರಿ," ಎಂದುಬಿಟ್ಟೆ. ಅವರು ಟಗರಿನ ತಲೆ ಮುಟ್ಟದೆ, ಊಟಕ್ಕೂ ಕೂರದೆ, ತಂಗಿಯನ್ನು ಕರೆದುಕೊಂಡು ಬಸ್ಸು ಹತ್ತಿದರು. ಆಮೇಲೆ ಯಾವ ಹೊಸತೊಡಕಿಗೂ ತಂಗಿ ತವರಿಗೆ ಬರಲಿಲ್ಲ. ಕರೆಯಲು ನನಗೆ ಬಾಯಿರಲಿಲ್ಲ. ಹುಣಸೆಮರದ ಕೆಳಗಿನ ಚಾಪೆಯೂ ನಿಂತಿತು. ಈಗಿನವರು ಫೋನಿನಲ್ಲಿ ಆಡುತ್ತಾರೆ. ಅಲ್ಲಿ ಸೋತವನಿಗೆ ಈರುಳ್ಳಿ ಕೊಡುವವರಿಲ್ಲ.

ಈ ಸಲ ನಾನೇ ಬಸ್ಸು ಬದಲಿಸಿಕೊಂಡು ರಾಯದುರ್ಗಕ್ಕೆ ಹೋದೆ. "ಅವತ್ತು ನಾನಂದಿದ್ದು ತಪ್ಪು ಭಾವ," ಎಂದೆ. ಅವರು ಹೊಲಿಗೆ ಮಿಷನ್ನಿನ ದಾರ ಕತ್ತರಿಸಿದರು. ಆಮೇಲೆ, "ಕುಂದರ್ರಿ," ಎಂದು ಇಸ್ಪೀಟಿನ ಕಟ್ಟನ್ನೂ ಹಿಡಿ ಹುಣಸೆಬೀಜವನ್ನೂ ತಂದರು.

ಐದಾರು ಆಟದ ಮೇಲೆ ನನಗೆ ಮೂರು ರಾಣಿಯರು ಕೂಡಿದರು. ನೆಲ ಮಾತ್ರ ಕಳಾವರಿನಿಂದ ಕಪ್ಪಾಗಿತ್ತು.

"ಬ್ಯಾಡ್ರಿ ಭಾವ," ಎಂದರು.

ಎಲೆ ಕೆಳಗಿಟ್ಟೆ. ನಿಮ್ಮದು ತೋರಿಸಿ ಎನ್ನಲಿಲ್ಲ. ಅವರು ಬೀಜ ಬಳಿದುಕೊಂಡು, ತಮ್ಮ ಎರಡೆಲೆಯನ್ನು ಕಟ್ಟಿನೊಳಗೆ ಸೇರಿಸಿದರು.

ಅವರ ಬೆನ್ನ ಹಿಂದೆ ನಿಂತಿದ್ದ ತಂಗಿ ಬಾಯಿಗೆ ಸೆರಗಿಟ್ಟು ನಕ್ಕಳು. "ಅವ್ರ ಕೈಯಾಗ ಏನೂ ಇದ್ದಿದ್ದಿಲ್ಲಣ್ಣ."

ಭಾವ ತಲೆಯೆತ್ತಲಿಲ್ಲ. "ನಿಮ್ಮಣ್ಣಗ ಈಳಿಗಿ ಮಣಿ ಕೊಡು. ಉಳ್ಳಾಗಡ್ಡಿ ಹೆಚ್ಚಲಿ."

ಹೆಚ್ಚಿದೆ. ಈರುಳ್ಳಿಯ ಘಾಟು ಜೋರಾಗಿತ್ತು. ಸುಳ್ಳು ಬಾರದ ಆ ಮನುಷ್ಯ ಅದನ್ನು ಯಾರಿಂದ ಕಲಿತರೆಂದು ಮಾತ್ರ ನಾನು ಕೇಳಲಿಲ್ಲ.